ಗರ್ಭಕಂಠದ ಅರ್ಬುದರೋಗವೂ ಜೀವಕೋಶದ ಕಾವಲುಗಾರರೂ

(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಉತ್ಸವದ ದಿನಗಳಲ್ಲಿ ಪುರಾಣ ಪ್ರವಚನ ಸಂಗೀತಾದಿಗಳನ್ನು ಕೇಳಿ ಆನಂದಪಟ್ಟಿರುವ ನಿಮ್ಮ ಮುಂದೆ ರೋಗದ ಮಾತನ್ನೆತ್ತುವುದು ಅಷ್ಟೊಂದು ಪ್ರಿಯವಾದ ಕೆಲಸವಲ್ಲ. ಅದರಲ್ಲಿಯೂ ಇದು, ಹೆಣ್ಣುಮಕ್ಕಳು ಹೆತ್ತ ತಾಯಿಯ ಮುಂದೆ ಹೇಳಿಕೊಳ್ಳುವುದಕ್ಕೂ ನಾಚುವ ಅಂಗಕ್ಕೆ ಸಂಬಂಧಪಟ್ಟ ರೋಗ. ಆದರೂ ಶ್ರೀಗಳವರು ಈ ವಿಷಯವನ್ನೇ ಆರಿಸಿ, ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಅಪ್ಪಣೆ ಕೊಡಿಸಿರುವುದರಿಂದ, ವೈದ್ಯವೃತ್ತಿಯವನಾದ ನಾನು ತಿಳಿದಷ್ಟನ್ನು ಸರಳವಾಗಿ ಅರಿಕೆ ಮಾಡಿಕೊಳ್ಳುವೆನು.

ಗರ್ಭಾಶಯದ ಕೆಳತುದಿಯಲ್ಲಿ, ಸೋರೆಬುರುಡೆಯ ಕತ್ತಿನಂತೆ ಸಣ್ಣಗಾಗಿ ಯೋನಿಮಾರ್ಗಕ್ಕೆ ಇಳಿದಿರುವ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಆ ಸ್ಥಾನದಲ್ಲಿ ಹುಟ್ಟುವ ಅರ್ಬುದವು, ಅಂದರೆ ಕ್ಯಾನ್ಸರ್ ರೋಗವು, ೨೦೨೨ನೆಯ ಇಸವಿಯೊಂದರಲ್ಲಿಯೇ ಪ್ರಪಂಚದ ಸುಮಾರು ೬,೬೦,೦೦೦ ಮಂದಿ ಸ್ತ್ರೀಯರಿಗೆ ತಗಲಿ, ಸುಮಾರು ೩,೫೦,೦೦೦ ಮಂದಿಯನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಅದೇ ವರ್ಷ ನಮ್ಮ ಭರತಖಂಡದಲ್ಲಿ ಹೊಸದಾಗಿ ರೋಗ ಹತ್ತಿದವರು ೧,೨೭,೦೦೦ಕ್ಕೆ ಮೇಲ್ಪಟ್ಟವರು. ಮಡಿದವರು ಸುಮಾರು ೮೦,೦೦೦. ಮಕ್ಕಳಿನ್ನೂ ಕೈಗೆ ಬಾರದ, ಮನೆಯ ಭಾರವೆಲ್ಲ ತಲೆಯ ಮೇಲಿರುವ ವಯಸ್ಸಿನ ಗೃಹಿಣಿಯರು ಇವರಲ್ಲಿ ಬಹಳ.

ಈ ರೋಗದಿಂದ ತಾಯಿಯನ್ನು ಕಳೆದುಕೊಂಡ ಮನೆಯವರು ವೈದ್ಯನನ್ನು ಕೇಳುವ ಮೊದಲನೆಯ ಪ್ರಶ್ನೆ ಯಾವುದೆಂದರೆ, “ಡಾಕ್ಟರೇ, ಇದು ವಂಶದಲ್ಲಿ ಬರುವ ರೋಗವೇ?” ಎಂಬುದು. ಆ ಪ್ರಶ್ನೆಯ ಹಿಂದೆ ಅನೇಕ ವೇಳೆ ಮದುವೆಗೆ ಬಂದ ಮಗಳೊಬ್ಬಳು ನಿಂತಿರುತ್ತಾಳೆ. ತಾಯಿಗೆ ಅರ್ಬುದವಾಗಿತ್ತೆಂದು ತಿಳಿದೊಡನೆ ಗೊತ್ತಾದ ಸಂಬಂಧವನ್ನು ಬಿಟ್ಟುಬಿಡುವವರುಂಟು. ಅರ್ಬುದಕ್ಕೆ ಜೀನುಗಳೇ ಕಾರಣವೆಂದು ಪತ್ರಿಕೆಗಳಲ್ಲಿ ಓದಿದವರು, ಜೀನೆಂದರೆ ವಂಶ, ವಂಶವೆಂದರೆ ಕಳಂಕ, ಎಂದು ಈ ಶಂಕೆಯನ್ನು ಇನ್ನಷ್ಟು ಬಲಪಡಿಸಿಕೊಂಡಿರುವರು. ಮತ್ತೆ ಕೆಲವರು ವಂಶವನ್ನು ಬಿಟ್ಟು ಸತ್ತವಳ ನಡತೆಯನ್ನೇ ಶಂಕಿಸುವರು. ಈ ಎರಡು ಮಾತುಗಳಿಗೂ ಸಮಾಧಾನವು ಜೀವಕೋಶದೊಳಗಣ ಎರಡು ಜೀನುಗಳ ವೃತ್ತಾಂತದಲ್ಲಿ ಅಡಗಿರುವುದರಿಂದ, ಆ ವೃತ್ತಾಂತವನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಪ್ರತಿಯೊಂದು ಕೋಶದ ನಡುವೆ ೨೩ ಜೊತೆ ವರ್ಣತಂತುಗಳಿರುವುವು. ಅವುಗಳಲ್ಲಿ, ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ಹೇಗೆ ಮಾಡತಕ್ಕದ್ದೆಂಬ ವಿಧಿಯು ಸುಮಾರು ೨೦,೦೦೦ ಜೀನುಗಳ ರೂಪದಲ್ಲಿ ಬರೆದಿಟ್ಟಂತಿದೆ. ಚರ್ಮ ಸವೆಯುತ್ತದೆ, ರಕ್ತ ಹಳತಾಗುತ್ತದೆ. ಆದುದರಿಂದ ಕೋಶವು ತನ್ನ ಲಿಪಿಯೆಲ್ಲವನ್ನೂ ಪ್ರತಿಮಾಡಿಕೊಂಡು ಎರಡಾಗಿ ಒಡೆಯಬೇಕಾಗುತ್ತದೆ. ಆದರೆ ಹೊತ್ತಿಲ್ಲದ ಹೊತ್ತಿನಲ್ಲಿ, ಲೆಕ್ಕವಿಲ್ಲದೆ ಒಡೆಯತೊಡಗಿದರೆ ಅದೇ ಅರ್ಬುದ. ಇದನ್ನು ತಡೆಯುವುದಕ್ಕಾಗಿಯೇ ಏರ್ಪಟ್ಟಿರುವ ಜೀನುಗಳಿಗೆ ಅರ್ಬುದನಿಗ್ರಾಹಕ ಜೀನುಗಳೆಂದು ಹೆಸರು.

ದಾಸೋಹದ ಉಗ್ರಾಣವನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿ ಒಬ್ಬನು ಬೀಗದ ಕೈ ಇಟ್ಟುಕೊಂಡವನು. ಅಪ್ಪಣೆಯ ಚೀಟಿ ಬಾರದೆ ಬಾಗಿಲು ತೆರೆಯನು. ಇನ್ನೊಬ್ಬನು ಲೆಕ್ಕ ನೋಡುವವನು. ತಪ್ಪು ಕಂಡರೆ ಕೆಲಸ ನಿಲ್ಲಿಸಿ, ತಿದ್ದಿಸಿ, ತಿದ್ದಲಾಗದಿದ್ದರೆ ಆ ದಿನದ ವ್ಯವಹಾರವನ್ನೇ ರದ್ದುಮಾಡುವನು. ಕೋಶದಲ್ಲಿ ಬೀಗದ ಕೈ ಇರುವುದು ಆರ್‌ಬಿ ಎಂಬ ಜೀನಿನ ಪ್ರೋಟೀನಿನಲ್ಲಿ. ಲೆಕ್ಕ ನೋಡುವುದು ಪಿ-೫೩ ಎಂಬುದು. ಕೋಶವು ಒಡೆಯಲು ಬೇಕಾದ ಜೀನುಗಳನ್ನು ಎಬ್ಬಿಸುವ ಪದಾರ್ಥವನ್ನು ಆರ್‌ಬಿ ತನ್ನ ಹಿಡಿತದಲ್ಲಿ ಬಿಗಿದಿಟ್ಟಿರುತ್ತದೆ. ಲಿಪಿಯಲ್ಲಿ ತಪ್ಪು ಬಿದ್ದಾಗ ಪಿ-೫೩ ಎದ್ದು ಒಡೆಯುವಿಕೆಯನ್ನು ನಿಲ್ಲಿಸುತ್ತದೆ. ತಪ್ಪು ದೊಡ್ಡದಾದರೆ ಆ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವಂತೆ ಮಾಡುತ್ತದೆ. ಒಂದು ಕೋಶ ಸಾಯುವುದು ಶರೀರಕ್ಕೆ ನಷ್ಟವಲ್ಲ, ಕ್ಷೇಮ.

ಆರ್‌ಬಿ ಎಂಬ ಹೆಸರು ಬಂದದ್ದು ಎಳೆಯ ಮಕ್ಕಳ ಕಣ್ಣಿನಲ್ಲಿ ಹುಟ್ಟುವ ರೆಟಿನೋಬ್ಲಾಸ್ಟೋಮವೆಂಬ ಅರ್ಬುದದಿಂದ. ೧೯೭೧ರಲ್ಲಿ ಅಮೆರಿಕೆಯ ಆಲ್ಫ್ರೆಡ್ ನಡ್ಸನ್ ಎಂಬ ವೈದ್ಯರು ಈ ರೋಗದ ೪೮ ಪ್ರಕರಣಗಳನ್ನು ಲೆಕ್ಕಹಾಕಿ, ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದ ಪ್ರತಿಗಳೆರಡೂ ಕೆಟ್ಟರೆ ಮಾತ್ರ ರೋಗ ಹುಟ್ಟುವುದೆಂದು ಊಹಿಸಿದರು. ೧೯೮೬ರಲ್ಲಿ ಆ ಜೀನು ಕೈಗೆ ಸಿಕ್ಕಿ, ಊಹೆ ನಿಜವಾಯಿತು. ಈ ಕಣ್ಣಿನ ರೋಗದಲ್ಲಿ ಕೆಲವು ಮಕ್ಕಳು ಒಂದು ಕೆಟ್ಟ ಪ್ರತಿಯನ್ನು ಹುಟ್ಟುವಾಗಲೇ ಪಡೆದಿರುತ್ತಾರೆ. ವಂಶದ ರೋಗವೆಂಬ ಮಾತು ಅಲ್ಲಿ ಸಲ್ಲುತ್ತದೆ. ಗರ್ಭಕಂಠದ ಅರ್ಬುದದಲ್ಲಿಯೂ ಹಾಗೆಯೇ ಇರಬಹುದೆಂದು ಎಣಿಸುವುದು ಸಹಜ. ಆದರೆ ಅಲ್ಲಿ ಕಂಡುಬಂದ ಸಂಗತಿ ಬೇರೆ.

ಪಿ-೫೩ರ ಚರಿತ್ರೆ ಇನ್ನೂ ವಿಚಿತ್ರವಾದುದು. ೧೯೭೯ರಲ್ಲಿ ಇಂಗ್ಲೆಂಡ್, ಅಮೆರಿಕ, ಫ್ರಾನ್ಸುಗಳ ವಿದ್ವಾಂಸರು ಇದನ್ನು ಹೆಚ್ಚುಕಡಿಮೆ ಒಟ್ಟಿಗೆ ಕಂಡರು. ಕೋತಿಯ ಒಂದು ವೈರಾಣುವಿನ ಪ್ರೋಟೀನಿಗೆ ಅಂಟಿಕೊಂಡಿದ್ದ ಸ್ಥಿತಿಯಲ್ಲಿ ಕಂಡದ್ದರಿಂದ, ಕಳ್ಳನ ಸಂಗಡ ಇದ್ದವನು ಕಳ್ಳನೇ ಎಂದು ಬಗೆದು, ಹತ್ತು ವರ್ಷಗಳ ಕಾಲ ಇದನ್ನು ಅರ್ಬುದಕಾರಕವೆಂದೇ ಎಣಿಸಿದ್ದರು. ೧೯೮೯ರಲ್ಲಿ ತಿಳಿದುಬಂದಿತು, ಅದು ಕಳ್ಳನಲ್ಲ, ಕಳ್ಳನ ಕೈಗೆ ಸಿಕ್ಕಿದ ಕಾವಲುಗಾರ ಎಂದು. ಇಂದು ನಾವು ಆಡುತ್ತಿರುವ ರೋಗದ ಗುಟ್ಟೂ ಇದೇ.

ಆ ಕಳ್ಳನಾರೆಂಬುದಕ್ಕೆ ಬರುವೆನು. ೧೮೪೨ರಲ್ಲಿಯೇ ಇಟಲಿ ದೇಶದ ರಿಗೋನಿ-ಸ್ಟರ್ನ್ ಎಂಬ ವೈದ್ಯನು ವೆರೋನಾ ನಗರದ ಮರಣದ ಲೆಕ್ಕಗಳನ್ನು ನೋಡಿ, ಗರ್ಭಾಶಯದ ಅರ್ಬುದವು ಕ್ರೈಸ್ತ ಸಂನ್ಯಾಸಿನಿಯರಲ್ಲಿ ವಿರಳ, ಗೃಹಸ್ಥಸ್ತ್ರೀಯರಲ್ಲಿ ಹೆಚ್ಚು ಎಂದು ಬರೆದಿದ್ದನು. ದಾಂಪತ್ಯಸಂಬಂಧದಿಂದ ಯಾವುದೋ ಅಂಟು ಹರಡುವುದೆಂಬ ಶಂಕೆಗೆ ಅದು ಬೀಜವಾಯಿತು. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಎಂಬ ವಿಜ್ಞಾನಿಯ ಬಳಗವು ೧೯೮೩ರಲ್ಲಿ ಮತ್ತು ೧೯೮೪ರಲ್ಲಿ, ಈ ಅರ್ಬುದದ ತುಣುಕುಗಳಿಂದ ಪ್ಯಾಪಿಲೋಮಾ ಎಂಬ ವೈರಾಣುವಿನ ೧೬ನೆಯ ಮತ್ತು ೧೮ನೆಯ ಜಾತಿಗಳನ್ನು ಬೇರ್ಪಡಿಸಿ ತೋರಿಸಿತು. ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ವೈರಾಣುವಿನಲ್ಲಿ ೨೦೦ಕ್ಕೂ ಮಿಕ್ಕಿದ ಜಾತಿಗಳುಂಟು. ಕೈಕಾಲುಗಳಲ್ಲಿ ಏಳುವ ನರುಲಿಯೂ ಅವುಗಳಲ್ಲಿ ಕೆಲವುಗಳ ಕೆಲಸವೇ. ಅಪಾಯಕರವಾದವು ಹನ್ನೆರಡು ಹದಿನಾಲ್ಕು ಮಾತ್ರ. ಗರ್ಭಕಂಠದ ಅರ್ಬುದಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ೧೬, ೧೮ ಎಂಬ ಎರಡೇ ಜಾತಿಗಳು ಕಾರಣ.

ಈ ವೈರಾಣುವಿನ ಅಲ್ಪತ್ವವನ್ನು ನೋಡಿರಿ. ಮನುಷ್ಯನ ಜೀವಲಿಪಿಯಲ್ಲಿ ೩೦೦ ಕೋಟಿ ಅಕ್ಷರಗಳಿದ್ದರೆ ಇದರಲ್ಲಿ ಸುಮಾರು ೮,೦೦೦. ತನ್ನನ್ನು ಪ್ರತಿಮಾಡಿಕೊಳ್ಳುವ ಸಲಕರಣೆಯೂ ಇದಕ್ಕೆ ಸಾಕಷ್ಟಿಲ್ಲ. ಕೋಶವು ಒಡೆಯುವ ಸಿದ್ಧತೆಯಲ್ಲಿದ್ದಾಗ ಹೊರಬರುವ ಸಲಕರಣೆಯನ್ನೇ ಎರವು ತೆಗೆದುಕೊಳ್ಳಬೇಕು. ಆದರೆ ಗರ್ಭಕಂಠದ ಮೇಲ್ಪದರಕ್ಕೆ ಏರಿದ ಕೋಶಗಳು ಒಡೆಯುವುದನ್ನು ಬಿಟ್ಟಿರುತ್ತವೆ. ಆದಕಾರಣ ವೈರಾಣುವು ಮುಚ್ಚಿದ ಉಗ್ರಾಣವನ್ನು ತೆರೆಯಿಸಬೇಕು. ಅದಕ್ಕಾಗಿ ಇ-೭ ಎಂಬ ತನ್ನ ಪ್ರೋಟೀನನ್ನು ಕಳುಹಿಸುತ್ತದೆ. ಅದು ಆರ್‌ಬಿಯನ್ನು ಕಟ್ಟಿಹಾಕಿ ಅದರ ಹಿಡಿತವನ್ನು ಸಡಿಲಿಸುತ್ತದೆ. ಇದು ೧೯೮೯ರಲ್ಲಿ ಕಂಡುಬಂದ ಸಂಗತಿ. ಬಾಗಿಲೇನೋ ತೆರೆಯಿತು, ಆದರೆ ಲೆಕ್ಕ ನೋಡುವವನು ಸುಮ್ಮನಿರುವನೆ? ಅಪ್ಪಣೆಯಿಲ್ಲದೆ ಬಾಗಿಲು ತೆರೆದುದನ್ನು ಕಂಡು ಪಿ-೫೩ ಎಚ್ಚರಗೊಂಡು ಆ ಕೋಶವನ್ನೇ ಕೊನೆಗಾಣಿಸಲು ಹೊರಡುತ್ತದೆ. ಆಗ ವೈರಾಣುವಿನ ಇ-೬ ಎಂಬ ಎರಡನೆಯ ಪ್ರೋಟೀನು ಮುಂದೆ ಬರುತ್ತದೆ.

ಇ-೬ರ ಉಪಾಯವನ್ನು ೧೯೯೦ರಲ್ಲಿ ಅಮೆರಿಕೆಯ ವಿದ್ವಾಂಸರು ಬಯಲಿಗೆಳೆದರು. ಕೋಶದಲ್ಲಿ, ಹಳಸಿದ ಪ್ರೋಟೀನುಗಳಿಗೆ ತ್ಯಾಜ್ಯವೆಂಬ ಗುರುತು ಹಚ್ಚಿ ಅವುಗಳನ್ನು ಚೂರುಮಾಡುವ ಏರ್ಪಾಡೊಂದುಂಟು. ಇ-೬ ಕೋಶದ್ದೇ ಆದ ಒಬ್ಬ ಸೇವಕನನ್ನು ಕೂಡಿಕೊಂಡು, ನಿರ್ದೋಷಿಯಾದ ಪಿ-೫೩ಗೆ ಆ ಗುರುತನ್ನು ಹಚ್ಚಿಸುತ್ತದೆ. ಕೋಶವು ತನ್ನ ಕಾವಲುಗಾರನನ್ನು ತಾನೇ ಕಸದ ಗುಂಡಿಗೆ ಹಾಕುತ್ತದೆ. ಜೀನು ಕೆಟ್ಟಿಲ್ಲ, ಅದು ಹೊಸ ಹೊಸ ಪಿ-೫೩ ಅನ್ನು ಮಾಡುತ್ತಲೇ ಇರುತ್ತದೆ, ಮಾಡಿದ್ದು ಮಾಡಿದಂತೆಯೇ ನಾಶವಾಗುತ್ತಿರುತ್ತದೆ.

ಈ ಭೇದವು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬೇರೆ ಅನೇಕ ಅರ್ಬುದಗಳಲ್ಲಿ ಪಿ-೫೩ರ ಜೀನೇ ಒಡೆದಿರುತ್ತದೆ. ೧೯೯೧ರಲ್ಲಿ ಗರ್ಭಕಂಠದ ಅರ್ಬುದದಿಂದ ಬೆಳೆಸಿದ ಕೋಶಗಳನ್ನು ಹೋಲಿಸಿ ನೋಡಿದಾಗ, ವೈರಾಣುವಿದ್ದ ಕೋಶಗಳಲ್ಲಿ ಪಿ-೫೩ ಮತ್ತು ಆರ್‌ಬಿ ಜೀನುಗಳು ಸರಿಯಾಗಿಯೇ ಇದ್ದವು. ವೈರಾಣುವಿಲ್ಲದ ಒಂದೆರಡು ವಿರಳ ತಳಿಗಳಲ್ಲಿ ಮಾತ್ರ ಅವು ಕೆಟ್ಟಿದ್ದವು. ಎಂದರೆ ರೋಗವು ಹುಟ್ಟಬೇಕಾದರೆ ಈ ಇಬ್ಬರು ಕಾವಲುಗಾರರು ಹೇಗಾದರೂ ತಪ್ಪಬೇಕು. ಬಹುಮಟ್ಟಿನ ಸ್ತ್ರೀಯರಲ್ಲಿ ಅವರನ್ನು ತಪ್ಪಿಸುವುದು ಹೊರಗಿನಿಂದ ಬಂದ ವೈರಾಣು, ತಾಯಿತಂದೆಗಳಿಂದ ಬಂದ ದೋಷವಲ್ಲ. ಮಗಳಿಗೆ ತಾಯಿಯಿಂದ ಬಂದಿರುವ ಪಿ-೫೩ ಅಚ್ಚುಕಟ್ಟಾಗಿಯೇ ಇರುತ್ತದೆ. ಇದಕ್ಕೆ ವಿರಳವಾದ ಅಪವಾದಗಳಿಲ್ಲವೆಂದಲ್ಲ. ಎಲ್‌ಕೆಬಿ-೧ ಎಂಬ ಮತ್ತೊಂದು ನಿಗ್ರಾಹಕ ಜೀನು ಹುಟ್ಟಿನಿಂದಲೇ ಕೆಟ್ಟಿರುವ, ತುಟಿಗಳ ಮೇಲೆ ಕಪ್ಪು ಚುಕ್ಕೆಗಳೂ ಕರುಳಿನಲ್ಲಿ ಗಂಟುಗಳೂ ಏಳುವ ಕೆಲವೇ ಮನೆತನಗಳಲ್ಲಿ ಗರ್ಭಕಂಠದ ಒಂದು ಅಪರೂಪದ ಅರ್ಬುದವು ಕಾಣಬರುವುದು. ಆದರೆ ಅಂಥವರನ್ನು ವೈದ್ಯರು ಬೇರೆಯಾಗಿ ಗುರುತಿಸಬಲ್ಲರು. ಅವರ ಸಲುವಾಗಿ ಉಳಿದ ಸಹಸ್ರಾರು ಕುಟುಂಬಗಳಿಗೆ ಕಳಂಕ ಹಚ್ಚುವುದು ನ್ಯಾಯವಲ್ಲ.

ಕಟ್ಟುಬಿದ್ದ ಕಾವಲುಗಾರರು ಸತ್ತಿಲ್ಲವೆಂಬುದಕ್ಕೆ ಒಂದು ಪ್ರತ್ಯಕ್ಷ ಪ್ರಮಾಣವನ್ನು ಹೇಳುತ್ತೇನೆ. ೧೯೫೧ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಆಫ್ರಿಕನ್ ಸಂತತಿಯ ಸ್ತ್ರೀಯು, ಐದು ಮಕ್ಕಳ ತಾಯಿ, ಈ ರೋಗದಿಂದಲೇ ತನ್ನ ೩೧ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಅರ್ಬುದದಿಂದ, ಆಕೆಯ ಒಪ್ಪಿಗೆಯಿಲ್ಲದೆಯೇ ತೆಗೆದುಕೊಂಡ ಕೋಶಗಳು ಹೀಲಾ ಎಂಬ ಹೆಸರಿನಿಂದ ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಲಿವೆ. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅವೇ ನೆರವಾದುವು. ಆ ತಾಯಿಯ ಮಕ್ಕಳಿಗೆ ಮಾತ್ರ ಇಪ್ಪತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ಈ ಸುದ್ದಿಯೇ ತಿಳಿದಿರಲಿಲ್ಲ. ಆ ಕೋಶಗಳೊಳಗೆ ಇರುವುದು ೧೮ನೆಯ ಜಾತಿಯ ವೈರಾಣುವಿನ ಲಿಪಿ. ೨೦೦೦ದಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಗುಡ್ವಿನ್ ಮತ್ತು ಡಿಮಾಯೊ ಎಂಬವರು ಇ-೬, ಇ-೭ಗಳನ್ನು ಅಡಗಿಸುವ ಇ-೨ ಎಂಬ ಪ್ರೋಟೀನನ್ನು ಹೀಲಾ ಕೋಶಗಳಿಗೆ ಕೊಟ್ಟು ನೋಡಿದರು. ಅರ್ಧ ಶತಮಾನ ಎಡೆಬಿಡದೆ ಒಡೆಯುತ್ತಿದ್ದ ಆ ಕೋಶಗಳಲ್ಲಿ ಪಿ-೫೩, ಆರ್‌ಬಿಗಳೆರಡೂ ಮತ್ತೆ ಎಚ್ಚತ್ತು, ಒಡೆಯುವಿಕೆಯು ನಿಂತು, ಕೋಶಗಳಿಗೆ ಮುಪ್ಪು ಬಂದಿತು. ಇದು ಪ್ರಯೋಗಶಾಲೆಯ ಮಾತೆಂಬುದನ್ನು ಮರೆಯಬಾರದು. ಬೆಳೆದ ಅರ್ಬುದವನ್ನು ಈ ಮಾರ್ಗದಿಂದ ಗುಣಪಡಿಸುವ ಔಷಧವು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿಲ್ಲ. ಶಸ್ತ್ರಕ್ರಿಯೆ, ವಿಕಿರಣ, ತೀಕ್ಷ್ಣವಾದ ಔಷಧಗಳು ಇವೇ ಇಂದಿನ ಮುಖ್ಯ ಚಿಕಿತ್ಸೆ.

ಇನ್ನು ನಡತೆಯ ಮಾತು. ಈ ವೈರಾಣುವು ಎಷ್ಟು ಸಾಮಾನ್ಯವೆಂದರೆ, ದಾಂಪತ್ಯಜೀವನಕ್ಕೆ ಕಾಲಿಟ್ಟ ಸ್ತ್ರೀಪುರುಷರಲ್ಲಿ ಬಹುಪಾಲಿನವರಿಗೆ ಒಂದಲ್ಲ ಒಂದು ಕಾಲದಲ್ಲಿ ತಗಲಿಯೇ ಇರುವುದು. ಗಂಡಸರಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ತೋರದು. ತಾನು ಹೊತ್ತು ತಂದುದು ಅವನಿಗೇ ತಿಳಿಯದು. ಒಬ್ಬನೇ ಗಂಡನನ್ನು ಬಲ್ಲ ಸಾಧ್ವಿಯೂ ಈ ರೋಗಕ್ಕೆ ತುತ್ತಾಗಬಹುದು. ಹೆಂಗಸನ್ನು ದೂರುವುದು ಸುಲಭವೆಂದು ದೂರುತ್ತಾರೆಯೇ ಹೊರತು ಅದರಲ್ಲಿ ವೈದ್ಯಶಾಸ್ತ್ರವೇನೂ ಇಲ್ಲ.

ತಗಲಿದವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಜನರ ಶರೀರವು ಒಂದೆರಡು ವರ್ಷಗಳಲ್ಲಿ ವೈರಾಣುವನ್ನು ತಾನೇ ಹೊರಹಾಕಿಬಿಡುತ್ತದೆ. ಉಳಿದ ಕೆಲವರಲ್ಲಿ ಅದು ನೆಲೆಯೂರುವುದು. ಹೊಗೆಸೊಪ್ಪು ಸೇದುವುದೂ, ಎಚ್.ಐ.ವಿ. ಮೊದಲಾದ ಕಾರಣಗಳಿಂದ ಶರೀರದ ರಕ್ಷಣಾಶಕ್ತಿ ಕುಂದುವುದೂ ಅದಕ್ಕೆ ಅನುಕೂಲ. ಕಾವಲು ತಪ್ಪಿದ ಕೋಶಗಳಲ್ಲಿ ವರ್ಷವರ್ಷಕ್ಕೂ ತಪ್ಪುಗಳು ಕೂಡುತ್ತ ಹೋಗುವುವು. ಎಷ್ಟೋ ವೇಳೆ ವೈರಾಣುವಿನ ಲಿಪಿಯು ಮುರಿದು ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳುತ್ತದೆ. ಆ ಮುರಿತದಲ್ಲಿ, ಹಿಂದೆ ಹೇಳಿದ ಇ-೨ ಎಂಬ ಅಂಕುಶವು ಕಳೆದುಹೋಗಿ ಇ-೬, ಇ-೭ಗಳಿಗೆ ಲಗಾಮಿಲ್ಲದಂತಾಗುವುದು. ಇನ್ನು ಕೆಲವು ನಿಗ್ರಾಹಕ ಜೀನುಗಳು ಮುರಿಯದೆಯೇ ಮೇಲೊಂದು ರಾಸಾಯನಿಕ ಮುದ್ರೆ ಬಿದ್ದು ಮೂಕವಾಗುವುವು; ಎಲ್‌ಕೆಬಿ-೧ ಜೀನು ಐದು ಅರ್ಬುದಗಳಲ್ಲಿ ಒಂದರಲ್ಲಾದರೂ ನಡುವೆ ಕಳೆದುಹೋಗಿರುವುದೆಂದು ೨೦೦೯ರಲ್ಲಿ ಪ್ರಕಟವಾಯಿತು. ಹೀಗೆಲ್ಲ ಆಗಿ ಅರ್ಬುದವು ಬಲಿಯುವುದಕ್ಕೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಹಿಡಿಯುವುದು. ಇಷ್ಟು ದೀರ್ಘಕಾಲ ಮುನ್ಸೂಚನೆ ಕೊಡುವ ಅರ್ಬುದವು ಇನ್ನೊಂದಿಲ್ಲವೆಂದರೂ ಸಲ್ಲುವುದು. ನಾವು ಆ ಕಾಲವನ್ನೆಲ್ಲ ನಾಚಿಕೆಯಲ್ಲಿ ಕಳೆಯುತ್ತೇವೆ.

ಆ ಅವಧಿಯಲ್ಲಿ ನೋವಿಲ್ಲ, ಸ್ರಾವವಿಲ್ಲ. ಹುಡುಕಿದರೆ ಮಾತ್ರ ಕಾಣುವುದು. ಹುಡುಕಲು ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ತಿಳಿಯಾದ ವಿನೆಗರ್ ದ್ರವವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ನೋಡಿದರೆ, ಕೆಟ್ಟ ಕೋಶಗಳಿರುವ ಸ್ಥಳವು ಬೆಳ್ಳಗಾಗುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ೧,೫೦,೦೦೦ ಸ್ತ್ರೀಯರಲ್ಲಿ, ತರಬೇತು ಹೊಂದಿದ ಸಾಧಾರಣ ಆರೋಗ್ಯ ಕಾರ್ಯಕರ್ತೆಯರಿಂದಲೇ ಈ ಪರೀಕ್ಷೆ ನಡೆಯಿಸಿ, ಈ ರೋಗದ ಮರಣಗಳು ನೂರಕ್ಕೆ ೩೧ರಷ್ಟು ಇಳಿದುದನ್ನು ೨೦೧೪ರಲ್ಲಿ ಪ್ರಕಟಿಸಿದರು. ನಮ್ಮ ಬೀದರ ಕಲಬುರ್ಗಿಗಳ ಗಡಿಗೆ ಹತ್ತಿರುವ ಆಗ ಉಸ್ಮಾನಾಬಾದವೆಂದು ಹೆಸರಿದ್ದ ಜಿಲ್ಲೆಯ ಹಳ್ಳಿಗಳಲ್ಲಿ ೩೦ರಿಂದ ೫೯ ವಯಸ್ಸಿನ ಸ್ತ್ರೀಯರಿಗೆ ವೈರಾಣುವಿನ ಪರೀಕ್ಷೆಯನ್ನು ಆಯುಷ್ಯದಲ್ಲಿ ಒಂದೇ ಒಂದು ಸಲ ಮಾಡಿದುದರಿಂದ, ಎಂಟು ವರ್ಷಗಳಲ್ಲಿ ಈ ರೋಗದ ಮರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುವೆಂದು ೨೦೦೯ರಲ್ಲಿ ಕಂಡುಬಂದಿತು. ಅವರು ನಮ್ಮಂತೆಯೇ ಜೋಳದ ರೊಟ್ಟಿ ತಿನ್ನುವ, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು. ಸರ್ಕಾರದವರು ೨೦೧೬ರಲ್ಲಿಯೇ ೩೦ರಿಂದ ೬೫ ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆಯಾಗಬೇಕೆಂದು ವಿಧಿಸಿದ್ದರೂ, ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಂದಾದರೂ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.

ಲಸಿಕೆಯ ವಿಷಯವಾಗಿ ಎರಡು ಮಾತು. ಅದರಲ್ಲಿ ಇರುವುದು ವೈರಾಣುವಿನ ಹೊರಚಿಪ್ಪಿನ ಪ್ರೋಟೀನು ಮಾತ್ರ. ಒಳಗೆ ಇ-೬ ಇಲ್ಲ, ಇ-೭ ಇಲ್ಲ, ಲಿಪಿಯೇ ಇಲ್ಲ. ಆದುದರಿಂದ ಅದು ಯಾವ ಕಾವಲುಗಾರನನ್ನೂ ಮುಟ್ಟಲಾರದು. ಲಸಿಕೆಯಿಂದ ಬಂಜೆತನ ಬರುವುದೆಂಬ ಗಾಳಿಮಾತಿಗೆ ಆಧಾರವಿಲ್ಲ. ೨೦೦೬ರಿಂದ ಪ್ರಪಂಚದಲ್ಲಿ ಬಳಕೆಯಲ್ಲಿರುವ ಈ ಲಸಿಕೆಯನ್ನು ೧೭ ವಯಸ್ಸಿಗೆ ಮೊದಲೇ ಹಾಕಿಸಿಕೊಂಡ ಸ್ವೀಡನ್ ದೇಶದ ಬಾಲೆಯರಲ್ಲಿ ಈ ಅರ್ಬುದವು ನೂರಕ್ಕೆ ೮೮ರಷ್ಟು ಕಡಿಮೆಯಾಯಿತೆಂದು ೨೦೨೦ರಲ್ಲಿ ಗೊತ್ತಾಯಿತು. ಪುಣೆಯ ಸೀರಮ್ ಸಂಸ್ಥೆಯು ತಯಾರಿಸಿದ ಸ್ವದೇಶಿ ಲಸಿಕೆಗೆ ೨೦೨೨ರಲ್ಲಿ ಅನುಮತಿ ದೊರೆಯಿತು. ೯ರಿಂದ ೧೪ ವಯಸ್ಸು, ಅಂದರೆ ವೈರಾಣುವಿನ ಸೋಂಕಿಗೆ ಅವಕಾಶವೇ ಬಾರದ ಕಾಲ, ಇದಕ್ಕೆ ಪ್ರಶಸ್ತವಾದುದು. ಒಳಗೆ ಸೇರಿಹೋದ ವೈರಾಣುವನ್ನು ಲಸಿಕೆ ಓಡಿಸಲಾರದು. ಎಲ್ಲ ಜಾತಿಗಳನ್ನೂ ತಡೆಯಲಾರದು. ಆದುದರಿಂದ ಲಸಿಕೆ ಪಡೆದವಳಿಗೂ ಮೂವತ್ತು ದಾಟಿದ ಮೇಲೆ ಪರೀಕ್ಷೆ ಬೇಕು. ತಿಂಗಳ ಮುಟ್ಟಿನ ನಡುವೆ, ಸಂಸರ್ಗದ ತರುವಾಯ, ಅಥವಾ ಮುಟ್ಟು ನಿಂತುಹೋದ ಮೇಲೆ ರಕ್ತ ಕಂಡರೆ, ದುರ್ಗಂಧದ ಸ್ರಾವವಾದರೆ ಪರೀಕ್ಷೆಯ ಸರದಿಯನ್ನು ಕಾಯದೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಸಭೆಯಿಂದ ಒಬ್ಬ ತಾಯಿ ಚೀಟಿ ಕಳುಹಿಸಿದ್ದಾರೆ: “ನನ್ನ ಸೊಸೆಗೆ ಪರೀಕ್ಷೆಯಲ್ಲಿ ವೈರಾಣು ಇದೆಯೆಂದು ಬಂದಿದೆ. ಅರ್ಬುದವೇ ಆಯಿತೇನು? ಅವಳಿಗೆ ಇನ್ನೂ ಹೇಳಿಲ್ಲ.” ಅಮ್ಮಾ, ಮೊದಲು ಅವಳಿಗೆ ಹೇಳಿರಿ. ವೈರಾಣು ಇದೆಯೆಂದರೆ ಅರ್ಬುದವೆಂದು ಅರ್ಥವಲ್ಲ. ವೈದ್ಯರು ದೊಡ್ಡದು ಮಾಡಿ ತೋರಿಸುವ ಕನ್ನಡಿಯಿಂದ ಗರ್ಭಕಂಠವನ್ನು ನೋಡುವರು. ಏನೂ ಕಾಣದಿದ್ದರೆ ಚಿಕಿತ್ಸೆಯ ಅಗತ್ಯವಿಲ್ಲ. ಕೆಟ್ಟ ಪೊರೆ ಕಂಡರೆ ಶೀತದಿಂದಲೋ ಶಾಖದಿಂದಲೋ ಅದನ್ನು ಸುಡುವರು, ಇಲ್ಲವೆ ತಂತಿಯ ಕುಣಿಕೆಯಿಂದ ತೆಗೆದುಹಾಕುವರು. ಅದು ಕೆಲವೇ ನಿಮಿಷಗಳ ಕೆಲಸ, ಗರ್ಭಾಶಯವನ್ನು ತೆಗೆಯಬೇಕಾಗಿಲ್ಲ, ಸಾಮಾನ್ಯವಾಗಿ ಸಂಜೆಗೆ ಮನೆಗೆ ಬರಬಹುದು. ಯಾವುದೇ ಆದರೂ ಒಂದು ವರ್ಷ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಆ ದಿನ ಅವಳೊಬ್ಬಳನ್ನೇ ಕಳುಹಿಸದೆ ನೀವೂ ಜೊತೆಯಲ್ಲಿ ಹೋಗಿರಿ. ನಿಮಗೂ ೬೫ ದಾಟಿಲ್ಲವಾದರೆ ನಿಮ್ಮ ಪರೀಕ್ಷೆಯನ್ನೂ ಆಗಲೇ ಮಾಡಿಸಿಕೊಂಡು ಬರಬಹುದು.